ಬಿಳಿ ಕಾಗದದಲ್ಲಿ ಸುತ್ತಿದ ಜಾಕೆಟ್ಟು

ಎಲ್ಲಕ್ಕೂ ಕಾರಣ ಉಣ್ಣೆ ತಿನ್ನುವ ಒಂದು ನುಸಿ. ಅಕ್ಕಿಕಾಳಿನಷ್ಟೂ ಇಲ್ಲದ ಆ ಹುಳು ಮುಂದಿನ ಕೋಣೆಯ ಪರದೆಯ ಮೇಲೆ ನೆಂಟರ ಹಾಗೆ ಕೂತಿದ್ದನ್ನು ಕಂಡಂದಿನಿಂದ ಆಲ್ವಿನ್ ಟ್ರೆಲೋರನಿಗೆ ಊಟ ರುಚಿಸುತ್ತಿರಲಿಲ್ಲ.

ಆ ಕೋಣೆಯಲ್ಲಿದ್ದದ್ದು ಅವನು ಕೂಡಿಟ್ಟ ಯುದ್ಧಕಾಲದ ಹೆಂಗಸರ ಸಮವಸ್ತ್ರಗಳು. ವಿಮಾನಪಡೆಯ ಹುಡುಗಿಯರ ನೀಲಿ ಕೋಟು, ದಾದಿಯರ ಕೆಂಪು ಮೇಲುಹೊದಿಕೆ, ಬಾಂಬು ಬಿದ್ದರೆ ಸೀಟಿ ಊದಲೆಂದು ಅಂಚೆಕಚೇರಿಯ ಹೆಂಗಸೊಬ್ಬಳು ತೊಡುತ್ತಿದ್ದ ಉಕ್ಕಿನ ಟೋಪಿ. ಕುರಿಂಗಾ ಊರಿನ ಮೇಲೆ ಬಾಂಬು ಬೀಳಲೇ ಇಲ್ಲ. ಆದರೂ ಆಕೆ ಯುದ್ಧ ಮುಗಿಯುವವರೆಗೂ ದಿನವೂ ಸಂಜೆ ನೀರಿನ ತೊಟ್ಟಿಯ ಏಣಿ ಹತ್ತಿ ಆಕಾಶ ನೋಡುತ್ತಿದ್ದಳು. ಆ ಉಕ್ಕಿನ ಟೋಪಿಯ ಧೂಳು ಒರೆಸುವಾಗ ಆಲ್ವಿನ್ ತನ್ನ ತಲೆಯ ಮೇಲಿನ ಟೋಪಿಯನ್ನು ತೆಗೆದು ಪಕ್ಕಕ್ಕಿಡುತ್ತಿದ್ದ.

ಊರಿನವರಿಗೆ ಇದು ನಗೆಯ ವಿಷಯ. ಬೆನ್ನುನೋವು ಬಂದು ಅಂಗಡಿ ಮಾರುವವರೆಗೆ ಅವನು ಕುರಿಂಗಾದ ಕಟುಕನಾಗಿದ್ದವನು. ಎತ್ತಿನಂಥ ಆಳು ಲಂಗಕ್ಕೆ ಗುಂಡಿ ಹೊಲಿಯುತ್ತ ಕೂತರೆ ಯಾರು ಸುಮ್ಮನಿರುತ್ತಾರೆ? ಆದರೆ ಅವನು ಚಿಕ್ಕಂದಿನಲ್ಲಿ ಕಂಡದ್ದನ್ನು ಅವರು ಕಂಡಿರಲಿಲ್ಲ. ಆಗ ಗಂಡಸರು ಯುದ್ಧಕ್ಕೆ ಹೋಗಿದ್ದರು. ಅವರ ಬದಲು ತೋಟ ಹೊಲಗಳಲ್ಲಿ ದುಡಿಯಲು ಮಹಿಳಾ ಭೂಸೇನೆ ಎಂಬ ದಳದ ಹುಡುಗಿಯರು ಬಂದಿದ್ದರು. ಅಪ್ಪ ಜ್ವರ ಬಂದು ಮಲಗಿದ್ದ ದಿನ ಅವರಲ್ಲೊಬ್ಬಳು ಖಾಕಿ ಜಾಕೆಟ್ಟಿನ ಮೇಲೇ, ಸುಲಿದ ಇಡೀ ಕುರಿಯನ್ನು ಹೆಗಲಿಗೆ ಹಾಕಿಕೊಂಡು, ಲಾರಿಯಿಂದ ಅಂಗಡಿಯ ಕೊಕ್ಕೆಯವರೆಗೆ ಎಲ್ಲೂ ಇಳಿಸದೆ ತಂದು ನೇತುಹಾಕಿ, ಬಾಯಿ ತೆರೆದು ನಿಂತಿದ್ದ ಅವನ ಮೂಗು ಹಿಂಡಿ ಹೋಗಿದ್ದಳು. ಮುಖ ಮರೆತಿತ್ತು. ಖಾಕಿ ಮರೆತಿರಲಿಲ್ಲ.

ಈಗ ಅವನ ಬಳಿ ಭೂಸೇನೆಯ ಜಾಕೆಟ್ಟೂ ಲಂಗವೂ ಇದ್ದವು. ಚರ್ಚಿನ ಹಳೆ ಬಟ್ಟೆಗಳ ರಾಶಿಯಲ್ಲಿ ಸಿಕ್ಕವು. ಟೋಪಿ ಮಾತ್ರ ಇರಲಿಲ್ಲ. ಇಡೀ ಊರಿನಲ್ಲಿ ಅದು ಉಳಿದಿದ್ದದ್ದು ಮಿಸ್ ಐರಿಸ್ ಲಿಂಡ್ನರ್ ಎಂಬ ಮುದುಕಿಯ ಬಳಿ. ಯುದ್ಧದಲ್ಲಿ ಮಡಿದವರನ್ನು ನೆನೆದು ಊರು ಮೆರವಣಿಗೆ ಹೊರಡುವ ಆನ್ಜಾಕ್ ದಿನ ಹತ್ತಿರವಾಗಿತ್ತು. ಬಹಳ ಕಾಡಿದ ಮೇಲೆ ಆಕೆ ಒಪ್ಪಿದ್ದಳು. “ಆನ್ಜಾಕ್ ದಿನಕ್ಕೆ ಸ್ಮಾರಕ ಭವನದಲ್ಲಿ ಗೊಂಬೆಗೆ ಮೈತುಂಬ ಬಟ್ಟೆ ಹಾಕಿ ನಿಲ್ಲಿಸು. ಹಿಂದಿನ ಸಂಜೆ ಬಂದು ನೋಡ್ತೀನಿ. ನನ್ನ ಕಣ್ಣಿಗೆ ಸರಿ ಕಂಡ್ರೆ ಟೋಪಿ ನಿಂದು.”

ಅಂಥ ಹೊತ್ತಿನಲ್ಲಿ ನುಸಿ. ಉಣ್ಣೆ ಬಟ್ಟೆ ಕೂಡಿಡುವವರೆಲ್ಲ ಬಲ್ಲ ಮದ್ದು ಒಂದೇ: ಗಾಳಿಯಾಡದಂತೆ ಸುತ್ತಿ ಫ್ರೀಜರಿನಲ್ಲಿ ಕೆಲವು ದಿನ ಇಟ್ಟರೆ ಮೊಟ್ಟೆಗಳೂ ಸಾಯುತ್ತವೆ.

“ನನ್ನ ಬಟಾಣಿ ಪಕ್ಕ ಕಂಡೋರ ಬಟ್ಟೆನಾ?” ಎಂದಳು ಜೊತೆಗಿದ್ದ ಅಕ್ಕ ಥೆಲ್ಮಾ. “ಮುಚ್ಚಳ ಎತ್ತಿ ನೋಡು, ನಿನ್ನನ್ನೇ ಒಳಗೆ ಹಾಕಿ ಮುಚ್ತೀನಿ.”

ಹಾಗಾಗಿ ಅವನು ಜಾಕೆಟ್ಟನ್ನು ಬಿಗಿಯಾಗಿ ಸುರುಳಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿಟ್ಟು, ಮೇಲೆ ಬಿಳಿ ಕಾಗದ ಹಾಕಿ, ದಾರ ಕಟ್ಟಿ, ಬೌಲಿಂಗ್ ಕ್ಲಬ್ಬಿನ ಅಡುಗೆಮನೆಯ ಫ್ರೀಜರಿನ ತಳಕ್ಕೆ ಯಾರಿಗೂ ಹೇಳದೆ ಸೇರಿಸಿ ಬಂದ. ಹೇಳಿದ್ದರೆ ಕ್ಲಬ್ಬಿನ ಮ್ಯಾನೇಜರ್ ಡಗ್ಗನ್ ವರ್ಷವಿಡೀ ಆಡಿಕೊಳ್ಳುತ್ತಿದ್ದ.

ಆನ್ಜಾಕ್ ದಿನದ ಹಿಂದಿನ ಮಧ್ಯಾಹ್ನ ಹೋಗಿ ತಡಕಿದರೆ ಸಿಕ್ಕಿದ್ದು ಐಸು, ಆಲೂಗಡ್ಡೆ ಚಿಪ್ಸು, ಯಾರೋ ಹಿಡಿದು ಮರೆತ ಮೀನು. ಜಾಕೆಟ್ಟಿಲ್ಲ.

“ಏನಯ್ಯಾ ಹುಡುಕ್ತಿದ್ದೀಯ?” ಡಗ್ಗನ್ ಬಾಗಿಲಲ್ಲಿ ನಿಂತಿದ್ದ.

“ಇಲ್ಲೊಂದು ಪೊಟ್ಟಣ ಇತ್ತಲ್ಲ, ಬಿಳಿ ಕಾಗದದ್ದು...”

ಡಗ್ಗನ್ ಅವನ ಬೆನ್ನಿಗೊಂದು ಗುದ್ದಿದ. “ನೀನು ಬಾಯಿ ಬಿಡದಿದ್ರೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಆ ಗಂಟು ಈ ಸೀಮೇಲಿ ಇನ್ಯಾರು ಹಾಕ್ತಾರೆ ಮಾರಾಯ? ಶುಕ್ರವಾರದ ಮಾಂಸದ ಲಾಟರಿಗೆ ಬಹುಮಾನ ಅಂತ ಗುಟ್ಟಾಗಿ ಕುರಿತೊಡೆ ಇಟ್ಟು ಹೋಗಿದ್ದೀಯ! ಬೆಳಿಗ್ಗೆನೇ ಚೀಟಿ ಎತ್ತಿದ್ವಿ. ಮೈಕಲ್ಲಿ ನಿನ್ನ ಹೆಸರು ಹೇಳಿದೆ, ಜನ ಚಪ್ಪಾಳೆ ತಟ್ಟಿದ್ರು!”

ಆಲ್ವಿನ್ ತನ್ನ ಕೈಗಳನ್ನು ನೋಡಿಕೊಂಡ. ಜೀವಮಾನವೆಲ್ಲ ಮಾಂಸ ಕಟ್ಟಿದ ಕೈಗಳು ಅವನನ್ನು ಕೇಳದೆ ಜಾಕೆಟ್ಟನ್ನೂ ಹಾಗೇ ಕಟ್ಟಿದ್ದವು.

“ಯಾರಿಗೆ ಬಂತು?”

“ಗ್ಲೆನಿಸ್ ಪ್ಯಾಸ್ಕೋಗೆ. ಐದು ಮಕ್ಕಳ ತಾಯಿ, ಪಾಪ. ಹೋದ ತಕ್ಷಣ ಒಲೆಗೆ ಹಾಕ್ತೀನಿ ಅಂತಿದ್ಲು. ಏ, ಎಲ್ಲಿಗೆ ಓಡ್ತೀಯೋ?”

ಗ್ಲೆನಿಸಳ ಮನೆ ನದಿಯ ಪಕ್ಕ, ಏಪ್ರಿಕಾಟ್ ತೋಟದಾಚೆ. ವ್ಯಾನಿನಿಂದ ಇಳಿಯುವಷ್ಟರಲ್ಲಿ ಹುರಿಯುವ ವಾಸನೆ ಮೂಗಿಗೆ ಬಡಿಯಿತು. ಅವನಿಗೆ ಅದು ಉಣ್ಣೆ ಸುಡುವ ವಾಸನೆಯೇ. ಬಾಗಿಲು ತಟ್ಟದೆ ನುಗ್ಗಿ, ಒಲೆಯ ಬಾಗಿಲೆಳೆದು, ಬರಿಗೈಯಲ್ಲಿ ತಟ್ಟೆ ಹಿಡಿದ.

ಅವನ ಕೂಗಿಗೆ ಐದೂ ಮಕ್ಕಳು ಮೇಜಿನ ಕೆಳಗೆ ಸೇರಿದವು. ತಟ್ಟೆ ನೆಲಕ್ಕೆ ಬಿತ್ತು. ಕುರಿತೊಡೆಯೊಂದು ಆಲೂಗಡ್ಡೆಗಳ ಪರಿವಾರ ಸಮೇತ ಉರುಳುತ್ತ ಹೋಗಿ ನಾಯಿಯ ಮುಂದೆ ನಿಂತಿತು. ನಾಯಿ ಒಂದು ಕ್ಷಣ ತನ್ನ ಪುಣ್ಯವನ್ನು ನಂಬಲಾರದೆ ನೋಡಿ, ಆಮೇಲೆ ಕಚ್ಚಿಕೊಂಡು ಓಡಿತು.

“ಇದು ಕುರಿ!” ಎಂದ ಆಲ್ವಿನ್, ಊದಿದ ಬೆರಳುಗಳನ್ನು ನಲ್ಲಿಯ ಕೆಳಗೆ ಹಿಡಿದು, ಮಹಾ ಸಂತೋಷದಿಂದ.

“ಮತ್ತೇನು, ಮೊಸಳೆ ಅಂದ್ಕೊಂಡ್ಯಾ?” ಗ್ಲೆನಿಸ್ ಸೌಟು ಎತ್ತಿದಳು. “ನಮ್ಮ ಊಟ ನಾಯಿಪಾಲು ಮಾಡಿದ್ಯಲ್ಲೋ!”

“ನನ್ನ ಪೊಟ್ಟಣ ಎಲ್ಲಮ್ಮಾ?”

“ನಿಂದು ಬಲು ಹಗೂರ ಇತ್ತು. ಮಿಸ್ ಲಿಂಡ್ನರ್‌ಗೆ ದೊಡ್ಡದು ಬಂದಿತ್ತು. ‘ಒಬ್ಬಳಿಗೆ ಇಷ್ಟೊಂದು ಯಾಕೆ, ನೀನಿಟ್ಕೋ’ ಅಂತ ಬದಲಾಯಿಸ್ಕೊಂಡ್ರು. ಅದು ಹೆಂಗಸು ಅಂದ್ರೆ.”

ಟೋಪಿ ಕೊಡಬೇಕಾದವಳ ಮನೆಗೇ ಜಾಕೆಟ್ಟು ಹೋಗಿತ್ತು. ಥೆಲ್ಮಾಳ ಫ್ರೀಜರಿನಿಂದ ಇನ್ನೊಂದು ತೊಡೆ ತಂದುಕೊಡುತ್ತೇನೆಂದು ಆಣೆಯಿಟ್ಟು ಆಲ್ವಿನ್ ಹೊರಬಿದ್ದ.

ಮಿಸ್ ಲಿಂಡ್ನರ್ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ತೊಡೆಯ ಮೇಲೆ ಟೋಪಿ. ಎದುರಿನ ತಂತಿಯ ಮೇಲೆ, ತೋಳು ಚಾಚಿ, ನೀರು ತೊಟ್ಟಿಕ್ಕಿಸುತ್ತ ಜಾಕೆಟ್ಟು.

“ಬಾರಯ್ಯಾ. ಹುರಿಯೋಣ ಅಂತ ಬಿಚ್ಚಿದೆ. ಗುಂಡಿ ಕಂಡ್ವು. ತೊಳೆದು ಹಾಕಿದೀನಿ.”

“ನುಸಿಗೆ ಅಂತ ಇಟ್ಟಿದ್ದು, ಮಿಸ್ ಲಿಂಡ್ನರ್... ಜೋಪಾನ, ಹೆಗಲ ಮೇಲಿನ ಆ ಕಲೆ ಉಜ್ಜಬೇಡಿ! ಅದು ಗಾಯಗೊಂಡ ಯಾವನೋ ಸೈನಿಕನ ರಕ್ತ. ಆ ಮಹಾತಾಯಿ ಅವನನ್ನ ಹೊತ್ಕೊಂಡು ಬಂದಿರಬೇಕು.”

ಮುದುಕಿ ನಕ್ಕ ರಭಸಕ್ಕೆ ಕಟ್ಟಿಸಿದ ಹಲ್ಲು ಸಡಿಲವಾಯಿತು. ಅದನ್ನು ಸರಿಪಡಿಸಿಕೊಂಡು ಹೇಳಿದಳು: “ಸೈನಿಕನಲ್ಲ ಕಣೋ, ಕುರಿ! ನಿಮ್ಮಪ್ಪನ ಅಂಗಡಿಗೆ ಹೊತ್ತು ತಂದದ್ದು. ಎಷ್ಟು ಉಜ್ಜಿದ್ರೂ ಹೋಗಲಿಲ್ಲ ಅಂತ ನಮ್ಮ ಮೇಲ್ವಿಚಾರಕಿ ನನ್ನ ಕೈಲಿ ಪಾತ್ರೆ ತೊಳೆಸಿದ್ಲು. ಹೋದ ವರ್ಷ ನಾನು ಆಸ್ಪತ್ರೇಲಿದ್ದಾಗ ತಮ್ಮನ ಹೆಂಡತಿ ಪೆಟ್ಟಿಗೆ ಖಾಲಿ ಮಾಡಿ ಚರ್ಚಿಗೆ ಹಾಕಿಬಿಟ್ಟಳು. ಟೋಪಿ ಗೂಟದಲ್ಲಿತ್ತು, ಉಳೀತು. ಅಂಗಡೀಲಿ ಅವತ್ತು ಮೂಗು ಸುರಿಸ್ಕೊಂಡು ಒಂದು ಕೂಸು ನಿಂತಿತ್ತಲ್ಲ...”

ಆಲ್ವಿನನ ಸುಟ್ಟ ಕೈ ತಾನಾಗಿ ಮೂಗಿಗೆ ಹೋಯಿತು.

ಆಕೆ ಎದ್ದು ಜಾಕೆಟ್ಟು ತೊಟ್ಟಳು. ಟೋಪಿಯಿಟ್ಟಳು. ಒದ್ದೆ ಉಣ್ಣೆ ಆಕೆಯ ಹೆಗಲ ಮೇಲೆ ಕೂತ ಹಾಗೆ ಗೊಂಬೆಯ ಮೇಲೆ ಯಾವತ್ತೂ ಕೂತಿರಲಿಲ್ಲ. ಆಲ್ವಿನ್ ತನ್ನ ಟೋಪಿ ತೆಗೆದ.

“ನಾಳೆ ಮೆರವಣಿಗೇಲಿ ಹೀಗೇ ನಡೀತೀನಿ,” ಎಂದಳು.

“ಮತ್ತೆ... ಟೋಪಿ ನನಗೆ ಅಂದಿದ್ರಿ...”

“ಗೊಂಬೆಗೆ ಮೈತುಂಬ ಬಟ್ಟೆ ಇದ್ರೆ ಅಂದಿದ್ದೆ. ಇದೆಯಾ?”

“ಲಂಗ ಇದೆ,” ಎಂದ ಆಲ್ವಿನ್. ಅಂದಮೇಲೆ ನಾಲಿಗೆ ಕಚ್ಚಿಕೊಂಡ.

“ಓಹೋ! ಲಂಗಾನೂ ನಿನ್ನ ಹತ್ರಾನೇ ಇದೆಯಾ? ಹೋಗಿ ತಗೊಂಡ್ಬಾ. ಇಸ್ತ್ರಿ ಹಾಕಿರಲಿ.”

ಅವನು ಸ್ಮಾರಕ ಭವನದಲ್ಲಿ ಮೊಣಕಾಲೂರಿ ಗೊಂಬೆಯ ಲಂಗ ಬಿಚ್ಚುತ್ತಿದ್ದಾಗ, ಬಾವುಟ ಕಟ್ಟಲು ಬಂದ ಡಗ್ಗನ್ ಬಾಗಿಲಲ್ಲೇ ನಿಂತ. “ಏನಯ್ಯಾ ಇದು? ಮರದ ಗೊಂಬೆಗೂ ನಿನ್ನಿಂದ ಮಾನ ಇಲ್ವಾ?”

ಆಲ್ವಿನ್ ಲಂಗವನ್ನು ಮಡಿಸಿದ. ಮೇಜಿನ ಮೇಲೆ ಬಿಳಿ ಕಾಗದವಿತ್ತು, ದಾರವೂ ಇತ್ತು; ಕೈಗಳು ಸುತ್ತಿ, ಎಳೆದು, ಗಂಟು ಹಾಕಿ ಮುಗಿಸಿದ ಮೇಲೆಯೇ ಅವನಿಗೆ ಎಚ್ಚರವಾದದ್ದು. ಬಿಚ್ಚಿ, ಕಾಗದ ಎಸೆದು, ಇಡೀ ಊರು ಕಾಣುವ ಹಾಗೆ ಲಂಗವನ್ನು ತೋಳಿನ ಮೇಲೆ ಹಾಕಿಕೊಂಡು ದೊಡ್ಡ ಬೀದಿಯ ನಡುವೆ ನಡೆದುಹೋದ.