ಗುಮಾಸ್ತರು ಗಾಲ್ಫಿಗೆ ಹೋದ ಭಾನುವಾರ

ಎಲ್ಲ ಅನಾಹುತಕ್ಕೂ ಕಾರಣ ಗುಮಾಸ್ತರು ತಲೆಯಾಡಿಸಿದ್ದು. ಶನಿವಾರ ಸಂಜೆ ಕಚೇರಿ ಮುಚ್ಚುವ ಹೊತ್ತಿಗೆ ಮ್ಯಾನೇಜರ್ ಸಾಹೇಬರು ಅವರ ಮೇಜಿನ ಹತ್ತಿರ ನಿಂತು, ನಾಳೆ ಬೆಳಿಗ್ಗೆ ನಮ್ಮ ಜೊತೆ ಗಾಲ್ಫ್ ಆಡಲು ಬರುತ್ತೀರಾ ಎಂದು ಕೇಳಿದರು. ಗುಮಾಸ್ತರು ಜನ್ಮದಲ್ಲಿ ಗೋಲಿ ಬಿಟ್ಟು ಬೇರೆ ಆಟ ಆಡಿದವರಲ್ಲ. ಆದರೂ ತಲೆ ತಾನಾಗಿಯೇ ಆಡಿಬಿಟ್ಟಿತು.

ಆಡದೆ ಏನು ಮಾಡೀತು? ಅವರ ವರ್ಗಾವಣೆಯ ಅರ್ಜಿ ಸಾಹೇಬರ ಕೈಯಲ್ಲಿತ್ತು. ಹೆಂಡತಿ ಬೇರೆ ಊರಿನಲ್ಲಿ ಶಾಲೆಯ ಟೀಚರು, ಮಗಳು ಇರುವುದೂ ಅಲ್ಲೇ. ವಾರವಿಡೀ ಇಲ್ಲಿ ಒಬ್ಬರೇ ಬೇಯಿಸಿಕೊಂಡು ತಿಂದು, ಭಾನುವಾರ ಬಸ್ಸು ಹತ್ತಿ ಹೋಗಿ ಅವರ ಮುಖ ನೋಡಿ ಬರುವುದೇ ಗುಮಾಸ್ತರ ಸಂಸಾರ. ಈಗ ಆ ಊರಿನ ಶಾಖೆಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ಒಂದು ಭಾನುವಾರ ಹೋದರೆ ಹೋಗಲಿ, ಸಾಹೇಬರು ಖುಷಿಯಾಗಿ ಹೂಂ ಅಂದರೆ ಉಳಿದ ದಿನಗಳೆಲ್ಲ ನಮ್ಮವೇ ಎಂದು ಅವರು ಫೋನಿನಲ್ಲಿ ಹೆಂಡತಿಗೆ ಸಮಾಧಾನ ಹೇಳಿದರು.

ಸುದ್ದಿ ಹಬ್ಬಿದ್ದೇ ತಡ, ಎಲ್ಲರೂ ನೆರವಿಗೆ ಬಂದರು. ಕ್ಯಾಷಿಯರು ತಮ್ಮ ಭಾವಮೈದುನನ ಬಿಳಿ ಬೂಟು ತಂದುಕೊಟ್ಟರು. ಅದು ಎಷ್ಟು ದೊಡ್ಡದೆಂದರೆ ಗುಮಾಸ್ತರು ಎರಡು ಹೆಜ್ಜೆ ಇಟ್ಟರೆ ಬೂಟು ಒಂದು ಹೆಜ್ಜೆ ಇಡುತ್ತಿತ್ತು. ಟೈಪಿಸ್ಟಮ್ಮ ಮಗನ ಟೋಪಿ ಕೊಟ್ಟರು. ಪ್ರತಿ ಭಾನುವಾರ ತಪ್ಪದೆ ಆಡುವ ಸಾಹೇಬರು ಭಾರೀ ಆಟಗಾರರೇ ಇರಬೇಕೆಂದು ಕಚೇರಿಯಲ್ಲಿ ಎಲ್ಲರ ನಂಬಿಕೆ. ಅದಕ್ಕೇ ಕ್ಯಾಷಿಯರು ಹೋಗುವಾಗ ಕಿವಿಯಲ್ಲಿ ಹೇಳಿದರು: "ಚೆನ್ನಾಗಿ ಆಡಿ. ಆದ್ರೆ ಸಾಹೇಬ್ರಿಗಿಂತ ಒಂದು ಕೂದಲೆಳೆ ಕಮ್ಮಿ ಇರ್ಲಿ."

ಬೆಳಗಾಗುತ್ತಲೇ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮಾಸ್ತರು ಬಾಗಿಲು ತಟ್ಟಿದರು. ಅವರೂ ಗಾಲ್ಫ್ ಆಡಿದವರಲ್ಲ, ಆದರೆ ಕಲಿಸಲು ಅದೇನೂ ಅಡ್ಡಿಯಾಗಲಿಲ್ಲ. ಗುಮಾಸ್ತರ ಕೈಗೆ ಕೋಲು ಕೊಟ್ಟು, ನೆಲದ ಮೇಲೆ ಈರುಳ್ಳಿ ಇಟ್ಟು ಹೊಡೆಸಿದರು. ಈರುಳ್ಳಿ ನೇರವಾಗಿ ಎದುರುಮನೆಯ ಕಿಟಕಿಯೊಳಗೆ ಹೋಯಿತು. ಆ ಮನೆಯಾಕೆ ಜಗಳಕ್ಕೆಂದೇ ಹೊರಬಂದವರು, ವಿಷಯ ತಿಳಿದ ಮೇಲೆ ನಿಮ್ಮ ಕೆಲಸ ಆಗಲಿ ಅಣ್ಣ ಎಂದು ಹರಸಿ ಈರುಳ್ಳಿ ವಾಪಸು ಕೊಟ್ಟರು. ತನ್ನಂಥವನಿಗಾಗಿ ಇಷ್ಟು ಜನ ಒದ್ದಾಡುತ್ತಾರಲ್ಲ ಎಂದು ನೆನೆದು ಗುಮಾಸ್ತರು ಮನಸ್ಸಿನಲ್ಲೇ ಎಲ್ಲರಿಗೂ ಕೈಮುಗಿದರು.

ಮೈದಾನದಲ್ಲಿ ಸಾಹೇಬರ ಜೊತೆ ಅವರ ಇಬ್ಬರು ಗೆಳೆಯರಿದ್ದರು, ಒಬ್ಬರು ವಕೀಲರು, ಇನ್ನೊಬ್ಬರು ಹಲ್ಲಿನ ಡಾಕ್ಟರು. ದೂರದ ಗುಂಡಿಗೆ ಚೆಂಡನ್ನು ಯಾರು ಕಡಿಮೆ ಏಟಿನಲ್ಲಿ ಸೇರಿಸುತ್ತಾರೋ ಅವರೇ ಗೆದ್ದಂತೆ, ಅಷ್ಟೇ ಆಟ ಎಂದರು ವಕೀಲರು. ಕೇಳಲು ಬಹಳ ಸುಲಭವಾಗಿತ್ತು.

ಗುಮಾಸ್ತರ ಮೊದಲ ಏಟು ಗಾಳಿಗೆ ಬಿತ್ತು. ಎರಡನೆಯದೂ ಅಷ್ಟೇ. ಮಂಡಿ ಬಗ್ಗಿಸಿ ಎಂದರು ವಕೀಲರು, ತಲೆ ಎತ್ತಬೇಡಿ ಎಂದರು ಡಾಕ್ಟರು. ಎರಡನ್ನೂ ಪಾಲಿಸಿ ಬಲವಾಗಿ ಬೀಸಿದಾಗ ಒಂದು ಹಿಡಿ ಹುಲ್ಲು ಮಣ್ಣುಸಮೇತ ಹಾರಿಹೋಯಿತು, ಚೆಂಡು ಮಾತ್ರ ಮದುವೆಗೆ ಒಪ್ಪದ ಹುಡುಗಿಯಂತೆ ಕೂತಲ್ಲೇ ಕೂತಿತ್ತು. ಗುಮಾಸ್ತರು ಗಾಬರಿಯಿಂದ ಓಡಿ ಹುಲ್ಲನ್ನು ಎತ್ತಿತಂದು, ಇದ್ದ ಜಾಗದಲ್ಲೇ ಇಟ್ಟು, ಮೆಲ್ಲಗೆ ತಟ್ಟಿ ಕೂರಿಸಿದರು. ಈ ಆಟದ ಮರ್ಯಾದೆಯೇ ಅದು, ಇದೊಂದನ್ನು ಸರಿಯಾಗಿ ಮಾಡಿದಿರಿ ಎಂದು ಡಾಕ್ಟರು ಮೆಚ್ಚಿದರು.

ಮುಂದೆ ಕೆರೆ ಬಂತು, ಚೆಂಡು ಕೆರೆಗೆ ಹೋಯಿತು. ಮರಳಗುಂಡಿ ಬಂತು, ಚೆಂಡಿನ ಹಿಂದೆ ಗುಮಾಸ್ತರೂ ಇಳಿದರು. ಹೊಡೆದು ಹೊಡೆದು ತಲೆಯ ತುಂಬ ಮರಳಾಗಿ, ಕೊನೆಗೆ ಒಂದು ಬೂಟನ್ನು ಅಲ್ಲೇ ಬಿಟ್ಟು ಮೇಲೆ ಬಂದರು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಬೇರೆಯವರ ಆಟ ನೋಡಲು ಅವರಿಗೆ ಪುರುಸೊತ್ತೆಲ್ಲಿ? ಹೊಡೆಯುವವರ ಹತ್ತಿರ ಉಸಿರೆತ್ತಬಾರದೆಂದು ವಕೀಲರು ಮೊದಲೇ ಹೇಳಿದ್ದರು. ಸರಿಯಾಗಿ ಸಾಹೇಬರು ಗುಂಡಿಯ ಬಾಯಲ್ಲಿ ಚೆಂಡು ತಳ್ಳುವ ಹೊತ್ತಿಗೆ ಗುಮಾಸ್ತರಿಗೆ ಸೀನು ಬಂತು. ಚೆಂಡು ಗುಂಡಿಯನ್ನು ದಾಟಿ ಎತ್ತಲೋ ಹೋಯಿತು. ವರ್ಗಾವಣೆಯೂ ಅದರ ಹಿಂದೆಯೇ ಹೋಯಿತೆಂದು ಗುಮಾಸ್ತರಿಗೆ ಖಾತ್ರಿಯಾಯಿತು.

ಆದರೆ ಸಾಹೇಬರು ಒಂದು ಮಾತೂ ಬೈಯಲಿಲ್ಲ. ಗುಮಾಸ್ತರು ಚೆಂಡು ಕಳೆದಾಗಲೆಲ್ಲ ಪರವಾಗಿಲ್ಲ ಎಂದು ತಮ್ಮದನ್ನೇ ಕೊಟ್ಟರು. ಬಿಸಿಲೇರಿದಂತೆ ಅವರ ಮುಖವೂ ಅರಳುತ್ತ ಹೋಯಿತು. ಇಂಥ ದೊಡ್ಡ ಮನುಷ್ಯರ ಕೈಕೆಳಗೆ ಕೆಲಸ ಮಾಡಲು ಪುಣ್ಯ ಮಾಡಿರಬೇಕು ಎಂದುಕೊಂಡರು ಗುಮಾಸ್ತರು.

ಆಟ ಮುಗಿದು ವಕೀಲರು ಏಟುಗಳನ್ನು ಕೂಡಿಸಿ ಹೇಳಿದ ಮೇಲೆ, ಸಾಹೇಬರು ಗುಮಾಸ್ತರನ್ನು ಮರದ ನೆರಳಿಗೆ ಕರೆದೊಯ್ದರು. ಅವರ ಕಣ್ಣು ಒದ್ದೆಯಾಗಿತ್ತು.

"ಎಷ್ಟೋ ವರ್ಷದಿಂದ ಇಲ್ಲಿ ಆಡ್ತಿದ್ದೀನಿ ಕಣ್ರೀ. ಒಂದು ಭಾನುವಾರಾನೂ ಕೊನೆ ಸ್ಥಾನ ತಪ್ಪಿರ್ಲಿಲ್ಲ. ಇವರಿಬ್ಬರೂ ಸೇರಿ ಆಡ್ಕೊಂಡು ನಗ್ತಿದ್ರು. ಇವತ್ತು ನನ್ನ ಹಿಂದೆ ಒಬ್ಬರಿದ್ದಾರೆ. ನಿಮ್ಮ ಉಪಕಾರ ಮರೆಯೋ ಹಾಗಿಲ್ಲ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ಗುಮಾಸ್ತರ ಎದೆ ಕುಣಿಯಿತು. ಧೈರ್ಯ ಮಾಡಿ ಅರ್ಜಿಯ ಮಾತೆತ್ತಿದರು.

"ಅದನ್ನೇ ಹೇಳೋಣ ಅಂತಿದ್ದೆ," ಎಂದರು ಸಾಹೇಬರು. "ನಿನ್ನೆನೇ ನಿಮ್ಮನ್ನ ಕಳಿಸಿಕೊಡೋದು ಅಂತ ತೀರ್ಮಾನ ಮಾಡಿದ್ದೆ. ಹೋಗೋ ಮನುಷ್ಯ, ಒಂದು ದಿನ ಜೊತೆಯಲ್ಲಿ ಆಡಿ ಬೀಳ್ಕೊಡೋಣ ಅಂತಲೇ ಕರೆದಿದ್ದು. ಈಗ ಹೇಗ್ರೀ ಬಿಡ್ಲಿ? ಆ ಜಾಗಕ್ಕೆ ಬೇರೆ ಯಾರನ್ನಾದ್ರೂ ಕಳಿಸ್ತೀನಿ. ಪ್ರತಿ ಭಾನುವಾರ ಬೆಳಿಗ್ಗೆ ನಾನೇ ಕಾರು ತಂದು ನಿಮ್ಮನ್ನ ಕರ್ಕೊಂಡು ಬರ್ತೀನಿ."

ಹೀಗೆಂದು ಗುಮಾಸ್ತರ ಎರಡೂ ಕೈಗಳನ್ನು ಹಿಡಿದು ಕುಲುಕಿದರು. ಜೀವಮಾನದಲ್ಲಿ ಯಾರೂ ಗುಮಾಸ್ತರಿಗೆ ಇಷ್ಟು ಮನಸಾರೆ ಕೃತಜ್ಞತೆ ಹೇಳಿರಲಿಲ್ಲ. ಬೇಡ ಅನ್ನಲು ಬಾಯಿ ತೆರೆದರು, ಸಾಹೇಬರ ಒದ್ದೆ ಕಣ್ಣು ನೋಡಿ ಮುಚ್ಚಿದರು. ಅಷ್ಟರಲ್ಲಿ ಜೇಬಿನಲ್ಲಿದ್ದ ಫೋನು ಹೊಡೆದುಕೊಂಡಿತು. ಆ ಕಡೆ ಮಗಳು.

"ಅಪ್ಪಾ, ಸಾಹೇಬ್ರಿಗೆ ನೀನು ಇಷ್ಟ ಆದ್ಯಾ?"

"ತುಂಬಾ ಇಷ್ಟ ಆದೆ ಪುಟ್ಟಿ," ಎಂದರು ಗುಮಾಸ್ತರು.