ನನ್ನನ್ನು ಬಲ್ಲವರು ಇಬ್ಬರು ಬೇಕಾಗಿದ್ದಾರೆ

ನಾನು ಎಂಥ ಸಲೀಸಾದ ಕೆಲಸಕ್ಕೆ ಕೈ ಹಾಕಿದರೂ ಅದು ಎಡವಟ್ಟಾಗದೆ ಮುಗಿಯುವುದಿಲ್ಲ. ದಾವಣಗೆರೆ ಬಿಟ್ಟು ನಾಗಪುರಕ್ಕೆ ಒಬ್ಬನೇ ಬಂದು ಮೂರು ವರ್ಷವಾಯಿತು. ಊರಾಚೆ ಹಿಂಗಣಾದಲ್ಲಿರುವ ಕಾರ್ಖಾನೆಗೆ ದಿನಾ ಬಸ್ಸಿನಲ್ಲಿ ಬೆಂದು ಸಾಕಾಗಿ, ಒಂದು ಚಿಕ್ಕ ಕಾರಿಗೆ ಸಾಲ ಹುಡುಕಲು ಹೊರಟೆ.

೧. ಫಾರಂ

ಮೊದಲನೇ ಬ್ಯಾಂಕಿನಲ್ಲಿ ಬಡ್ಡಿ ಕಡಿಮೆ. ಆದರೆ ಈ ಊರಿನಲ್ಲಿ ನನ್ನನ್ನು ಬಲ್ಲ ಇಬ್ಬರ ಹೆಸರು ಬರೆಯಬೇಕಂತೆ. ನೆಂಟರಾಗಬಾರದು, ಜೊತೆಗೆ ಕೆಲಸ ಮಾಡುವವರೂ ಆಗಬಾರದು. ಪೆನ್ನು ಹಿಡಿದು ಕೂತೆ. ಕೂತೇ ಇದ್ದೆ. ಕೌಂಟರಿನ ಹುಡುಗಿಗೆ ಪಾಪ ಅನ್ನಿಸಿ, ಮರಾಠಿ ಓದಲು ಬರಲ್ವೇನೋ ಅಂದುಕೊಂಡು ಇಂಗ್ಲಿಷ್ ಫಾರಂ ಕೊಟ್ಟಳು. ಇಂಗ್ಲಿಷಿನಲ್ಲೂ ಇಬ್ಬರನ್ನೇ ಕೇಳಿದ್ದರು.

೨. ಒಂದು ಪ್ಲೇಟ್

ಎರಡನೇ ಬ್ಯಾಂಕಿನಲ್ಲಿ ಬಡ್ಡಿ ಅರ್ಧ ಪರ್ಸೆಂಟ್ ಜಾಸ್ತಿ, ಆದರೆ ಪರಿಚಯದವರು ಒಬ್ಬರು ಸಾಕು. ಜನ ಬಡ್ಡಿ, ಕಂತು ಹೋಲಿಸಿ ಸಾಲ ತಗೋತಾರೆ. ನಾನು ತಲೆ ಎಣಿಸಿ ಅರ್ಜಿ ಹಾಕಿದೆ. ದಿನಾ ಬೆಳಗ್ಗೆ ಅವಲಕ್ಕಿ ಮೇಲೆ ತರ್ರಿ ಅನ್ನುವ ಖಾರದ ಕಡಲೆ ಸಾರು ಸುರಿದು ಕೊಡುವ ಗಾಡಿಯವನನ್ನು ಹಾಕಿ, ಗಾಡಿ ಮೇಲಿದ್ದ ಅಂಗಡಿ ಹೆಸರು, ನಂಬರ್ ಬರೆದೆ.

ಬ್ಯಾಂಕಿನವರು ಅವನಿಗೆ ನನ್ನ ಗುರುತು ಹೇಳಿ, ಇಂಥವರು ಗೊತ್ತಾ ಅಂತ ಕೇಳಿದರು. ಗೊತ್ತು ಅಂದನಂತೆ. ಹೆಸರೇನು ಅಂದದ್ದಕ್ಕೆ ಅವನು ಕೊಟ್ಟ ಉತ್ತರ: "ಒಂದು ಪ್ಲೇಟ್, ತರ್ರಿ ಕಮ್ಮಿ."

ಮೂರು ವರ್ಷದಲ್ಲಿ ನಾನೂ ಅವನ ಹೆಸರು ಕೇಳಿರಲಿಲ್ಲ.

೩. ಗೋಡೆಯಾಚೆ

ಗಾಡಿಯವನ ಸಾಕ್ಷಿ ನಡೆಯದೆ ಹೋದದ್ದರಿಂದ ಬ್ಯಾಂಕಿನವನೊಬ್ಬ ಮನೆಗೇ ತನಿಖೆಗೆ ಬಂದ. ನಾನು ಕೆಲಸಕ್ಕೆ ಹೋಗಿದ್ದೆ. ಪಕ್ಕದ ಮನೆಯ ಮರಾಠಿ ಅಜ್ಜಿ, "ಆ ಮನೆ ಖಾಲಿ ಇದೆ, ಸದ್ದೇ ಬರಲ್ಲ" ಅಂದುಬಿಟ್ಟರಂತೆ. ಸಾಲ ನಿಂತಿತು. ಸಾಲದ ಮನೆ ಹಾಳಾಗಲಿ, ನಾನು ಇದ್ದೇನೆ ಅನ್ನುವುದೇ ಗೋಡೆಯಾಚೆ ಗೊತ್ತಿಲ್ಲವಲ್ಲ!

ಗುರುವಾರ ಸಂಜೆ ಮೊದಲ ಸಲ ಅಜ್ಜಿಯ ಮನೆ ಬೆಲ್ ಒತ್ತಿ, ನಾನು ಇಲ್ಲೇ ಇದ್ದೀನಿ ಅಂತ ಹರಕು ಹಿಂದಿಯಲ್ಲಿ ಹೇಳಿಕೊಂಡೆ. ಅಜ್ಜಿ ಗಾಬರಿಯಾಗಿ, ಆಮೇಲೆ ಚಹಾ ಮಾಡಿ, ಒಂದು ಗಂಟೆ ಬಿಡಲೇ ಇಲ್ಲ. ಅವರೂ ಒಬ್ಬರೇ. ನಾಲ್ಕು ದಿನ ಸಂಜೆ ಚಹಾ ಅಲ್ಲೇ ಆಯಿತು.

ಇನ್ನೊಮ್ಮೆ ತನಿಖೆಗೆ ಕಳಿಸಿ ಅಂತ ಬ್ಯಾಂಕಿಗೆ ಹೇಳಿ, ಸೋಮವಾರ ರಜೆ ಹಾಕಿ ಕಾದೆ. ತನಿಖೆಯವನು ಮತ್ತೆ ಬಂದು, ಇವರು ಎಷ್ಟು ದಿನದಿಂದ ಗೊತ್ತು ಅಂದ. ಅಜ್ಜಿಗೆ ಸುಳ್ಳು ಬರದು. ಗುರುವಾರದಿಂದ ಅಂದರು. ಅವನು ಪೆನ್ನು ಮುಚ್ಚಿದ.

"ಮುಚ್ಚಬೇಡ," ಅಂದರು ಅಜ್ಜಿ. "ಸಾಲ ತೀರೋವರೆಗೂ ಇಲ್ಲೇ ಇರ್ತಾನಲ್ಲ, ಅಷ್ಟರಲ್ಲಿ ಚೆನ್ನಾಗಿ ಗೊತ್ತಾಗ್ತಾನೆ. ಬರ್ಕೊ."

ಬರೆದುಕೊಂಡ. ಸಾಲ ಸಿಕ್ಕಿತು. ಐದು ವರ್ಷಕ್ಕೋ, ಏಳು ವರ್ಷಕ್ಕೋ ಅಂತ ಬ್ಯಾಂಕಿನಲ್ಲಿ ಕೇಳಿದರು. ಏಳಕ್ಕೆ ಬಡ್ಡಿ ಬಹಳ ಬೀಳುತ್ತೆ ಅಂತ ಎಚ್ಚರಿಸಿದರು. ಬೀಳಲಿ, ಏಳೇ ಇರಲಿ ಅಂದೆ.