ದಾಬಸ್‌ಪೇಟೆಯ ಉಷ್ಣ

ನಮ್ಮ ಕಡೆ ಮನುಷ್ಯನಿಗೆ ಏನೇ ಆದರೂ ಕಾರಣ ಉಷ್ಣ. ಕಣ್ಣು ಕೆಂಪಾದರೂ ಉಷ್ಣ, ಬಾಯಿ ಹುಣ್ಣಾದರೂ ಉಷ್ಣ. ಹಾಗಾಗಿ ಮೂತ್ರ ಮಾಡುವಾಗ ಪ್ರಾಣ ಹೋಗುವಂತೆ ಉರಿದಾಗ, ನಮ್ಮೂರು ತೂಬಗೆರೆಯಲ್ಲಿ ಯಾರಿಗೂ ಅನುಮಾನ ಬರುವುದಿಲ್ಲವೆಂಬ ಪೂರ್ಣ ಭರವಸೆಯಿಂದ ಅಮ್ಮನಿಗೆ ಹೇಳಿದೆ, "ಯಾಕೋ ಉಷ್ಣ ಆಗೈತಮ್ಮ."

ನಿಜ ಸಂಗತಿಯನ್ನು ಪವಿತ್ರ ನನಗೆ ಆಗಲೇ ಫೋನಿನಲ್ಲಿ ತಿಳಿಸಿದ್ದಳು. ನಾವಿಬ್ಬರೂ ದಾಬಸ್‌ಪೇಟೆಯ ಒಂದೇ ಕಾರ್ಖಾನೆಯಲ್ಲಿ ಕೆಲಸ ಮಾಡುವವರು, ಮದುವೆಯಾಗಬೇಕೆಂದಿರುವವರು, ಅದಕ್ಕೆ ಮುಂಚೆ ಸ್ವಲ್ಪ ಅವಸರ ಮಾಡಿದವರು.

"ನಂಗೆ ಇನ್ಫೆಕ್ಷನ್ ಅಂತೆ ಕಣೋ, ನಿಂಗೂ ಇರುತ್ತೆ. ಯಾರಿಂದ ಯಾರಿಗೆ ಅಂತ ಪಂಚಾಯ್ತಿ ಬೇಡ. ನೀನು ಟೆಸ್ಟ್ ಮಾಡಿಸ್ಕೊಂಡ್ರೆ ಮದುವೆ ಮಾತು. ಇಲ್ಲಾಂದ್ರೆ ಇಲ್ಲ."

ಆಸ್ಪತ್ರೆಗೆ ಹೊರಟೆ. ಅಮ್ಮನೂ ಹೊರಟಳು! ನನ್ನ ನೆತ್ತಿಗೆ ಅವಳು ತಟ್ಟಿದ್ದ ಹರಳೆಣ್ಣೆ ಕಿವಿಯವರೆಗೆ ಇಳಿದಿತ್ತು. "ನಮ್ ಹುಡುಗನಿಗೆ ಉಷ್ಣ" ಎಂದು ಅವಳು ಕಂಡಕ್ಟರಿಗೂ ತಿಳಿಸಿದಳು. ದೊಡ್ಡಬಳ್ಳಾಪುರ ಬರುವಷ್ಟರಲ್ಲಿ ಅರ್ಧ ಬಸ್ಸು ನನಗೆ ಮದ್ದು ಹೇಳಿತ್ತು.

ಲೇಡಿ ಡಾಕ್ಟರು ಅಮ್ಮನನ್ನು ಹೊರಗೆ ಕೂರಿಸಿದರು. ಹೊರಗೆ ಎಂದರೆ ಹಸಿರು ಪರದೆಯ ಆಚೆ.

"ಏನ್ ತೊಂದರೆ?"

"ಉಷ್ಣ ಮೇಡಂ."

"ಎಲ್ಲಿ?"

"ದಾಬಸ್‌ಪೇಟೆಲಿ ಮೇಡಂ."

ಅವರು ಪೆನ್ನು ಕೆಳಗಿಟ್ಟರು. "ಉಷ್ಣ ಆಗಿರೋದು ನಿಮಗೊಬ್ಬರಿಗೇನಾ?"

"ಇಲ್ಲ ಮೇಡಂ, ಅವಳಿಗೇ ಮೊದಲು ಗೊತ್ತಾಗಿದ್ದು."

ಆಮೇಲೆ ಮುಚ್ಚಿಡಲು ಏನೂ ಉಳಿಯಲಿಲ್ಲ. ಉರಿ, ಕೀವು, ಕಾಂಡೋಮ್ ಬಳಸದ ಘನಕಾರ್ಯ, ಎಲ್ಲವನ್ನೂ ಒಪ್ಪಿಸಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು, ನಾಚಿಕೆಯಿಂದ ಸತ್ತೇ ಹೋದೆ. ಮೂತ್ರ ಕೊಟ್ಟೆ, ರಕ್ತ ಕೊಟ್ಟೆ, ಕಾಯುತ್ತ ಕುಳಿತು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಎಚ್‌ಐವಿ, ಸಿಫಿಲಿಸ್ ಎರಡೂ ಕಾಣಲಿಲ್ಲ. ಕೆಲವು ವಾರ ಬಿಟ್ಟು ರಕ್ತವನ್ನು ಇನ್ನೊಮ್ಮೆ ಪರೀಕ್ಷಿಸಬೇಕು ಎಂದರು. ಇದ್ದ ಸೋಂಕು ಇಂಜೆಕ್ಷನ್, ಮಾತ್ರೆಗೆ ಬಗ್ಗುವಂಥದ್ದು.

"ಔಷಧಿ ಇಬ್ರೂ ತಗೋಬೇಕು. ಒಬ್ರೇ ತಗೊಂಡ್ರೆ ಮತ್ತೆ ಬರುತ್ತೆ," ಎಂದರು ಡಾಕ್ಟರು. "ಪೂರ್ತಿ ವಾಸಿಯಾಗೋ ತನಕ ದೂರ ಇರಿ."

ಇದ್ದೆವು. ಉರಿ ಹೋಯಿತು. ಎರಡನೇ ಸಲದ ರಕ್ತಪರೀಕ್ಷೆಯಲ್ಲೂ ಇಬ್ಬರೂ ಪಾಸು. ರೋಗವೂ ಹೋಯಿತು, ಗುಟ್ಟೂ ಉಳಿಯಿತು, ಹುಡುಗಿಯೂ ದಕ್ಕಿದಳು. ನನ್ನಂಥ ಬುದ್ಧಿವಂತ ಇಡೀ ಹೋಬಳಿಯಲ್ಲೇ ಇನ್ನೊಬ್ಬನಿಲ್ಲವೆಂದು ಬೀಗುತ್ತ ಪವಿತ್ರಳನ್ನು ಮನೆಗೆ ಕರೆತಂದೆ. ಅಮ್ಮನಿಗೆ ಹುಡುಗಿ ನೋಡಿದ ಕೂಡಲೇ ಒಪ್ಪಿಗೆಯಾದಳು. ಅಮ್ಮ ಒಳಗೆ ಹೋಗಿ ಎರಡು ಲೋಟ ಎಳನೀರು ತಂದಳು.

"ನಂಗೆ ಬೇಡ ಅತ್ತೆ, ಅವರಿಗೆ ಕೊಡಿ," ಎಂದಳು ಪವಿತ್ರ.

"ಕುಡಿಯವ್ವ," ಅಮ್ಮ ಲೋಟವನ್ನು ಅವಳ ಕೈಗೇ ಇಟ್ಟಳು. "ಒಬ್ರೇ ತಗೊಂಡ್ರೆ ಮತ್ತೆ ಬತ್ತದೆ."

ನನ್ನ ಪಾಲಿನ ಎಳನೀರು ಮೂಗಿನಲ್ಲಿ ಬಂತು. ಆಸ್ಪತ್ರೆಯ ಆ ಹಸಿರು ಪರದೆ ಬರೀ ಬಟ್ಟೆಯದು ಎಂಬುದು ಆಗ ನೆನಪಾಯಿತು. ಇಡೀ ತೂಬಗೆರೆಯಲ್ಲಿ ಉಷ್ಣದ ಕಥೆಯನ್ನು ಕೊನೆಯವರೆಗೂ ನಂಬಿದ್ದವನು ನಾನೊಬ್ಬನೇ ಇರಬೇಕು.